ಮುಖಪುಟದಲ್ಲಿ ಸಾಯುತ್ತಿದ್ದವಳು

ರಕ್ತದ ಮೇಷ್ಟ್ರು ಎಂದರೆ ಇಡೀ ಬೀದಿಗೆ ಗೊತ್ತು. ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಪಾಠ ಹೇಳಿದವರಲ್ಲ, ಬೆತ್ತ ಹಿಡಿದವರಲ್ಲ. ಬಚ್ಚಲಲ್ಲಿ ಜಿರಳೆ ಕಂಡರೆ "ಇವಳೇ, ಬಾರೇ ಇಲ್ಲಿ" ಎಂದು ಹೆಂಡತಿಯನ್ನು ಕೂಗುತ್ತಿದ್ದ ಆಸಾಮಿ. ಆದರೆ ಮೀಸೆ ಚಿಗುರಿದಾಗಿನಿಂದ ತಲೆ ನೆರೆಯುವ ತನಕ ಅವರು ಹೊಟ್ಟೆ ಹೊರೆದದ್ದು ಕೊಲೆಯಿಂದಲೇ. ಪಾಕೆಟ್ ಸೈಜಿನ ಕೊಲೆ ಕಾದಂಬರಿಗಳಿಗೆ ಮುಖಪುಟದ ಚಿತ್ರ ಬರೆಯುತ್ತಿದ್ದರು. ಹೆಸರಿಟ್ಟವರು ಪ್ರೆಸ್ಸಿನ ಕೆಲಸಗಾರರು.

ಆ ಪುಸ್ತಕಗಳನ್ನು ಈಗಿನವರು ಕಂಡಿರಲಿಕ್ಕಿಲ್ಲ. ಅಂಗೈಯಗಲದವು, ಮೂಗಿಗೆ ಹಿಡಿದರೆ ಸೀಮೆಎಣ್ಣೆ ನಾತ ಹೊಡೆಯುವಂಥವು, ಒಂದು ವರ್ಷಕ್ಕೆಲ್ಲ ಹಾಳೆ ಕಂದಾಗಿ ಪುಡಿಪುಡಿ ಉದುರುವಂಥವು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಸಾಲಾಗಿ ನೇತುಬಿಡುತ್ತಿದ್ದರು. 'ಮಹಡಿಯ ಮೇಲೆ ಗರಗಸ', 'ಏಳನೆಯ ಕುತ್ತಿಗೆ', 'ಅಡುಗೆಮನೆಯಲ್ಲಿ ಯಾರೋ ಇದ್ದಾರೆ'. ಮರ್ಯಾದಸ್ಥರು ಅವನ್ನು ನೋಡಿ ಮೂಗು ಮುರಿಯುತ್ತಿದ್ದರು. ಹಾಗೆ ಮೂಗು ಮುರಿದವರೇ ಮನೆಗೆ ಹೋಗಿ, ಅದಕ್ಕೆ ಪೇಪರಿನ ರಟ್ಟು ಹಾಕಿ, ಒಳಗಿನಿಂದ ಚಿಲಕ ಜಡಿದುಕೊಂಡು ಓದುತ್ತಿದ್ದರು. ಬ್ಯಾಂಕಿನ ಸಾಹೇಬರ ಡ್ರಾಯರಿನಲ್ಲಿ ಒಂದು, ಆಸ್ಪತ್ರೆಯ ನರ್ಸಮ್ಮನ ದಿಂಬಿನ ಕೆಳಗೆ ಒಂದು. ಇಂಥವರ ಮುಂದೆ ನಾನೇಕೆ ಮೇಷ್ಟ್ರ ಪರ ವಕಾಲತ್ತು ವಹಿಸಬೇಕು, ಬಿಡಿ.

ಪ್ರೆಸ್ಸಿನ ಯಜಮಾನನದು ತಲೆಕೆಳಗಾದ ಪದ್ಧತಿ. ಕಥೆ ಬರೆಸಿ ಆಮೇಲೆ ಚಿತ್ರ ಬರೆಸುವುದು ಲೋಕರೂಢಿ. ಈತ ಮೊದಲು ಚಿತ್ರ ಬರೆಸಿ, ಅದನ್ನು ಕಾದಂಬರಿಕಾರನ ಮುಂದೆ ಎಸೆದು, "ಇವಳನ್ನ ಯಾಕೆ ಕೊಂದ್ರು, ಬರಿ" ಎನ್ನುತ್ತಿದ್ದ. ಮೇಷ್ಟ್ರಿಗೆ ಆತ ಹೇಳುತ್ತಿದ್ದದ್ದು ಒಂದೇ ಮಾತು: "ಹತ್ತಡಿ ದೂರದಿಂದ ರಕ್ತ ಕಾಣ್ಬೇಕು ಮೇಷ್ಟ್ರೇ. ಬಸ್ಸು ಹೊರಟಿರುತ್ತೆ, ಆದ್ರೂ ಜನ ಧುಮುಕಿ ಬಂದು ತಗೊಂಡು ಹೋಗ್ಬೇಕು."

ಮೇಷ್ಟ್ರು ರಕ್ತ ಬರೆದರೆ ಅದು ಒದ್ದೆಯಾಗಿಯೇ ಇರುತ್ತಿತ್ತು. ಕೆಂಪಿಗೆ ಒಂದು ತೊಟ್ಟು ಕಂದು, ಅಂಚಿಗೆ ಇದ್ದೂ ಇಲ್ಲದ ಹಾಗೆ ನೀಲಿ. ಬಟ್ಟೆಯ ಮೇಲಾದರೆ ಹರಡಬೇಕು, ಉಕ್ಕಿನ ಮೇಲಾದರೆ ಜಾರಬೇಕು, ನೆಲದ ಮೇಲಾದರೆ ಒಂದು ಕಡೆ ನಿಂತು ಹೊಳೆಯಬೇಕು. ಇಷ್ಟೆಲ್ಲ ಮಾಡಿ ಕೊಟ್ಟರೆ ಪ್ರೆಸ್ಸಿನವರು ಕೆಂಪು ಬಣ್ಣದ ಅಚ್ಚು ಸರಿಯಾಗಿ ಕೂರಿಸದೆ, ಗಾಯ ಒಂದು ಕಡೆ, ರಕ್ತ ಬೆರಳಗಲ ಆಚೆ. ಆ ದಿನ ಮೇಷ್ಟ್ರು ಊಟ ಬಿಟ್ಟು ಹಲ್ಲು ಕಡಿಯುತ್ತಿದ್ದರು. ಹೆಂಡತಿ ಸಮಾಧಾನ ಮಾಡುತ್ತಿದ್ದಳು. "ಹೋಗ್ಲಿ ಬಿಡ್ರಿ. ಸತ್ತಿದ್ದು ನಾನು ತಾನೇ, ನನಗಿಲ್ಲದ ಸಂಕಟ ನಿಮಗ್ಯಾಕೆ?"

ಸಾಯುತ್ತಿದ್ದವಳು ಆಕೆಯೇ, ನಿಜ. ಕೊಲೆಯಾಗುವುದಕ್ಕೆ ಬಂದು ಕೂತುಕೋ ಎಂದರೆ ಯಾವ ಹೆಣ್ಣುಮಗಳು ಬಂದಾಳು? ಮನೆಯಲ್ಲಿದ್ದವಳು ಇವಳೊಬ್ಬಳು. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಸ್ಟೂಲಿನ ಮೇಲೆ ಕೂರಿಸಿ, "ಹೆದರ್ಕೊಂಡ ಹಾಗೆ ಮುಖ ಮಾಡೇ" ಎಂದರು. ಆಕೆ ಬಾಯಿ ತೆರೆದಳು. ಆಕಳಿಸಿದ ಹಾಗಿತ್ತು. ಕಣ್ಣು ಅರಳಿಸು ಎಂದರೆ ಕಿಸಕ್ಕನೆ ನಕ್ಕಳು. ಮೂರು ದಿನ ಹೆಣಗಿ, ನಾಲ್ಕನೆಯ ದಿನ ಮೇಷ್ಟ್ರು ಅಡುಗೆಮನೆಯ ಬಾಗಿಲ ಹಿಂದೆ ಅವಿತು ನಿಂತು, ಆಕೆ ಒಳಗೆ ಬಂದ ಕೂಡಲೇ ಮರದ ಸ್ಕೇಲು ಎತ್ತಿಕೊಂಡು ಮೇಲೆ ಹಾರಿದರು. ಆಕೆ ಕಿರುಚಿದ ಕಿರುಚಾಟಕ್ಕೆ ಕೆಳಗಿನ ಮನೆಯವರು ಓಡಿಬಂದರು. ಆದರೆ ಮೇಷ್ಟ್ರಿಗೆ ಬೇಕಾದ ಮುಖ ಸಿಕ್ಕಿತ್ತು.

ಅಂದಿನಿಂದ ಅದೇ ಕ್ರಮವಾಯಿತು. ಹೆದರಿಕೆ ಮುಖದ ಮೇಲೆ ನಿಲ್ಲುವುದು ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಮೇಷ್ಟ್ರು ಕಣ್ಣಲ್ಲೇ ಎಲ್ಲ ತುಂಬಿಕೊಳ್ಳಬೇಕು: ಹುಬ್ಬು ಎಲ್ಲಿಗೆ ಹೋಯಿತು, ಕುತ್ತಿಗೆಯ ನರ ಯಾವುದು ಉಬ್ಬಿತು. ಮರುಗಳಿಗೆಗೆ ನಗು ಬಂದುಬಿಡುತ್ತಿತ್ತು. ಎಂಥ ನಗು! "ಥೂ ನಿಮ್ಮ! ಜೀವ ಬಾಯಿಗೆ ಬಂತಲ್ರೀ, ಕಟುಕ!" ಎಂದು ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತ, ನೆಲದ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು. ಮೇಷ್ಟ್ರು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ದಿನ ಏನು ಕಾದಿದೆ ಎಂದು ಆಕೆಗೆ ಗೊತ್ತಿರುತ್ತಿತ್ತು. ಬೆಳಗಿನಿಂದ ಗೋಡೆಗೆ ಬೆನ್ನು ಹಾಕಿಕೊಂಡೇ ಓಡಾಡುತ್ತಿದ್ದಳು. ಆದರೂ ಪ್ರತಿ ಸಲ ಬೇಸ್ತು ಬೀಳುತ್ತಿದ್ದಳು. ಬೇಕೆಂದೇ ಮೈಮರೆಯುತ್ತಿದ್ದಳೋ ಏನೋ, ಯಾರಿಗೆ ಗೊತ್ತು.

ಕಥೆಗಳಿಗೂ ಆಕೆಯೇ ಮೊದಲ ಓದುಗಿತ್ತಿ. ತರಕಾರಿ ಹೆಚ್ಚುತ್ತ, ಪುಟದ ಮೇಲೆ ಲೋಟ ಇಟ್ಟುಕೊಂಡು ಓದುತ್ತಿದ್ದಳು. ಇಂಥದ್ದರಲ್ಲಿ ಏನು ರುಚಿಯಮ್ಮಾ ನಿನಗೆ ಎಂದು ಮಗಳು ಒಮ್ಮೆ ಸಿಡುಕಿದಾಗ ಆಕೆ ಕೊಟ್ಟ ಉತ್ತರ ಚೆನ್ನಾಗಿತ್ತು. "ಪುಸ್ತಕ ಮುಚ್ಚಿಟ್ಟ ಮೇಲೆ ನನ್ನ ಕುತ್ತಿಗೆ ನಾನೇ ಮುಟ್ಟಿ ನೋಡ್ಕೋತೀನಿ ಕಣೇ. ಇನ್ನೂ ಇರುತ್ತೆ! ಅದಕ್ಕಿಂತ ಖುಷಿ ಬೇಕಾ?" ದಿನವಿಡೀ ಬೈಸಿಕೊಂಡು ಮನೆಗೆ ಬರುವ ಗುಮಾಸ್ತನೂ ಅದಕ್ಕೇ ಓದುತ್ತಿದ್ದ, ಬಾಗಿಲು ಹಾಕಿಕೊಂಡ ಸಾಹೇಬರೂ ಅದಕ್ಕೇ. ಯಾರದೋ ಕೈಕಾಲು ಕತ್ತರಿಸಿ ಬೀಳುವಾಗ ನಮ್ಮದು ನೆಟ್ಟಗಿದೆಯಲ್ಲ ಎಂಬ ನೆಮ್ಮದಿ. ಮಗಳಿಗೆ ಮಾತ್ರ ಅದು ಯಾವತ್ತೂ ಹಿಡಿಸಲಿಲ್ಲ. ಪಾಪ, ಶಾಲೆಯಲ್ಲಿ ಮಕ್ಕಳು "ನಿಮ್ಮಮ್ಮ ಈ ತಿಂಗಳು ಕೊಡಲೀಲಿ ಸತ್ರು ಕಣೇ" ಎಂದರೆ ಯಾರಿಗೆ ತಾನೇ ಹಿಡಿಸೀತು?

ಆಮೇಲೆ ಟಿ.ವಿ. ಬಂತು, ಓದುವವರು ಕರಗಿದರು, ಪ್ರೆಸ್ಸು ಮುಚ್ಚಿತು. ಮಿಕ್ಕ ಪುಸ್ತಕಗಳು ತೂಕದ ಲೆಕ್ಕದಲ್ಲಿ ಹೋದವು. ಮೇಷ್ಟ್ರು ಅಂಗಡಿಗಳ ಬೋರ್ಡು ಬರೆದರು, ಲಾರಿಗಳ ಹಿಂದೆ ಗಿಳಿ ಬರೆದರು, ಕಣ್ಣು ಮಂಜಾದ ಮೇಲೆ ಅದನ್ನೂ ಬಿಟ್ಟರು. ಮಗಳು ಓದಿ, ಔಷಧಿ ಅಂಗಡಿಯೊಂದರಲ್ಲಿ ಕೆಲಸ ಹಿಡಿದು, ಮದುವೆಯಾಗಿ, ಎರಡು ಬೀದಿ ಆಚೆ ಮನೆ ಮಾಡಿದಳು. ಎಲ್ಲ ಹೇಗೋ ದಡ ಸೇರಿತು ಎನ್ನುವಾಗ ಹೆಂಡತಿಗೆ ಮರೆವು ಹತ್ತಿಕೊಂಡಿತು.

ಮೊದಲು ಒಲೆ ಆರಿಸುವುದು ಮರೆತಳು. ಆಮೇಲೆ ಒಲೆ ಎಂದರೇನು ಎಂಬುದೇ ಮರೆಯಿತು. ಒಂದು ದಿನ ಮಗಳನ್ನು ನೋಡಿ, "ನೀವು ಯಾರ ಮನೆಯವ್ರಮ್ಮ? ಕೂತ್ಕೊಳ್ಳಿ" ಎಂದಳು. ಮಗಳು ಅಡುಗೆಮನೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಕೂತಳು. ಡಾಕ್ಟರು ಹೇಳಿದ್ದನ್ನೇ ಹೇಳಿದರು, ಚೀಟಿ ಬರೆದರು, ಇನ್ನೇನು ಮಾಡಿಯಾರು.

ಮೇಷ್ಟ್ರು ಯಾರೆಂದೂ ಆಕೆಗೆ ಗೊತ್ತಿರಲಿಲ್ಲ. ಆದರೆ ಅವರನ್ನು ಕಂಡರೆ ಆಗುತ್ತಿತ್ತು. ತಲೆ ಬಾಚಿದರೆ ಬಾಚಿಸಿಕೊಳ್ಳುತ್ತಿದ್ದಳು, ತುತ್ತು ಮಾಡಿ ಬಾಯಿಗಿಟ್ಟರೆ ತಿನ್ನುತ್ತಿದ್ದಳು. ಬೇರೆ ಯಾರು ಕೊಟ್ಟರೂ ಬಾಯಿ ಬಿಗಿಹಿಡಿಯುವವಳು, ಇವರ ಕೈ ಕಂಡರೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದಳು. "ಇವ್ರು ಒಳ್ಳೆಯವ್ರು" ಎಂದು ಮಗಳಿಗೇ ಪರಿಚಯ ಮಾಡಿಕೊಟ್ಟಳು ಒಮ್ಮೆ. ಇಂಥವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದಿದೆ, ಅಲ್ಲಿ ಬಿಡೋಣ ಎಂದು ಮಗಳು ಆಗಾಗ ಮಾತು ತೆಗೆಯುತ್ತಿದ್ದಳು. ಮೇಷ್ಟ್ರು ಅಲ್ಲೇ ತುಂಡು ಮಾಡುತ್ತಿದ್ದರು.

"ನನ್ನ ಕೈಯಿಂದ ತಿಂತಾಳೆ ಕಣಮ್ಮ. ತಿನ್ನೋ ತನಕ ಅವಳು ಎಲ್ಲಿಗೂ ಇಲ್ಲ."

"ಸರಿ ಅಪ್ಪ. ತಿನ್ನೋ ತನಕ."

ಆ ಮಾತಿನ ಮೇಲೆ ಅವರ ಸಂಸಾರ ನಿಂತಿತ್ತು. ಆಕೆ ಎದುರಿಗಿದ್ದರೆ ಸಾಕು, ಗುರುತು ಹಿಡಿಯದಿದ್ದರೆ ಕತ್ತೆಬಾಲ ಎಂದು ಮೇಷ್ಟ್ರು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಹೀಗಿರುವಾಗ ಹಲ್ಲಿನ ಡಾಕ್ಟರೊಬ್ಬ ಹುಡುಕಿಕೊಂಡು ಬಂದ. ಇಡೀ ದಿನ ಜನರ ಬಾಯಲ್ಲಿ ರಕ್ತ ನೋಡಿ ಸಾಲದೆ, ಈತ ಹಳೆಯ ಕೊಲೆ ಕಾದಂಬರಿಗಳನ್ನು ಕೂಡಿಹಾಕುತ್ತಿದ್ದ. ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ತಂದ ಪುಸ್ತಕಗಳು, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ. ಮೇಷ್ಟ್ರ ಕಾಲಿಗೇ ಬೀಳಲು ಹೋದ. "ಸಾರ್, ಹುಡುಗನಾಗಿದ್ದಾಗ ನಿಮ್ಮ ಚಿತ್ರ ನೋಡಿ ಮೂರು ದಿನ ಒಬ್ಬನೇ ಬಚ್ಚಲಿಗೆ ಹೋಗಿಲ್ಲ ಸಾರ್!" ಎಂದ. ಇದಕ್ಕಿಂತ ಹೊಗಳಿಕೆ ಇನ್ನೇನು ಬೇಕು? ಯಾರೂ ಕೇಳುವವರಿಲ್ಲದೆ ಮೂಲೆ ಸೇರಿದ್ದ ಮುದುಕರು ಉಬ್ಬಿಹೋದರು. ಅವರದೇನು ತಪ್ಪು, ನೀವಾದರೂ ಉಬ್ಬುತ್ತಿದ್ದಿರಿ.

ಪುಸ್ತಕಗಳನ್ನೆಲ್ಲ ನಡುಮನೆಯ ನೆಲದ ಮೇಲೆ ಹರಡಿದರು. ಮೇಷ್ಟ್ರು ಹೆಂಡತಿಯನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. "ನೋಡೇ, ಇದು ನೀನು. ಇದೂ ನೀನೇ. ಈ ಗರಗಸದ್ದು ನೆನಪಿದೆಯಾ? ಅವತ್ತು ಸೌಟು ತಗೊಂಡು ಹೊಡೆದಿದ್ದೆ ನನಗೆ!" ಡಾಕ್ಟರ್ ಮೈಯೆಲ್ಲ ಕಣ್ಣಾಗಿ ಆಕೆಯನ್ನೇ ನೋಡುತ್ತಿದ್ದ. ಆಕೆ ಒಂದು ಪುಸ್ತಕ ಎತ್ತಿಕೊಂಡು ಬಹಳ ಹೊತ್ತು ದಿಟ್ಟಿಸಿದಳು.

"ಪಾಪ," ಎಂದಳು, "ಯಾರ ಮನೆ ಮಗಳೋ."

ಮೇಷ್ಟ್ರ ಚಿತ್ರಗಳಲ್ಲಿ ಕೊಲೆಗಾರನ ಮುಖ ಎಂದೂ ಕಾಣುತ್ತಿರಲಿಲ್ಲ. ಕಪ್ಪು ತೋಳು, ಅದರ ತುದಿಗೆ ಮುಷ್ಟಿ, ಮುಷ್ಟಿಯಲ್ಲಿ ಆಯುಧ, ಅಷ್ಟೇ. ಆ ಮುಷ್ಟಿಗೂ ಬೇರೆ ಮಾದರಿ ಎಲ್ಲಿಂದ ತಂದಾರು? ಮೇಷ್ಟ್ರು ಎಡಚರು, ಎಡಗೈ ಕುಂಚ ಹಿಡಿದು ಬರೆಯುವಾಗ ಬಲಗೈ ಸುಮ್ಮನೆ ಬಿದ್ದಿರುತ್ತಿತ್ತು. ಅದನ್ನೇ ಮುಷ್ಟಿ ಮಾಡಿ, ಎದುರಿಗೆ ಎತ್ತಿ ಹಿಡಿದು ಬರೆದುಬಿಡುತ್ತಿದ್ದರು. ಆ ಬಲಗೈಯ ಕಿರುಬೆರಳು ಎಂದೋ ಪ್ರೆಸ್ಸಿನ ಯಂತ್ರಕ್ಕೆ ಸಿಕ್ಕಿ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು, ಮಡಚಲು ಬರುತ್ತಿರಲಿಲ್ಲ. ಹಾಗಾಗಿ ಎಲ್ಲ ಪುಸ್ತಕಗಳಲ್ಲೂ ಕೊಲೆಗಾರನ ಕಿರುಬೆರಳು ಕೊಕ್ಕೆಯ ಹಾಗೆ ಹೊರಗೆ ಚಾಚಿಕೊಂಡಿರುತ್ತಿತ್ತು. "ಸಾರ್, ನಾವು ಹುಡುಗರು ಅವನಿಗೆ ಸೊಟ್ಬೆರಳು ಅಂತ್ಲೇ ಹೆಸರಿಟ್ಟಿದ್ವಿ" ಎಂದು ಡಾಕ್ಟರ್ ಉತ್ಸಾಹದಿಂದ ಹೇಳಿ, ಒಂದೊಂದು ಮುಖಪುಟದ ಮೇಲೂ ಬೆರಳಿಟ್ಟು ತೋರಿಸಿದ. "ಇಲ್ನೋಡಿ ಅಮ್ಮ, ಇಲ್ಲೂ ಅವನೇ. ಇಲ್ಲೂ ಅವನೇ."

ಮೇಷ್ಟ್ರು ಅದೇ ಹೊತ್ತಿಗೆ ಆಕೆಗೆ ಟೀ ತಂದು ಚಾಚಿದರು. ಬಲಗೈಯಲ್ಲಿ.

ಆಕೆ ಕೈ ನೋಡಿದಳು. ಪುಸ್ತಕ ನೋಡಿದಳು. ಮತ್ತೆ ಕೈ ನೋಡಿದಳು. ನಿಧಾನವಾಗಿ ತಲೆಯೆತ್ತಿ ಗಂಡನ ಮುಖ ನೋಡಿದಳು. ಕಪ್ಪು ಕೆಳಗೆ ಬಿದ್ದು ಟೀ ಎಲ್ಲ ಪುಸ್ತಕಗಳ ಮೇಲೆ ಹರಿಯಿತು. ಆಕೆ ಕುರ್ಚಿಯ ಹಿಂದಕ್ಕೆ ಸರಿದು, ಗೋಡೆಗೆ ಒರಗಿ, ಡಾಕ್ಟರನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. "ಇವ್ನೇ," ಎಂದು ಪಿಸುಗುಟ್ಟಿದಳು, "ಇವ್ನೇ ಆ ಹುಡುಗಿನ ಕೊಂದಿದ್ದು."

ಆ ಹೊತ್ತಿನಿಂದ ಆಕೆ ಅವರ ಕೈಯ ತುತ್ತು ಮುಟ್ಟಲಿಲ್ಲ. ಗಂಡನನ್ನು ಮರೆತಳು, ಮಗಳನ್ನು ಮರೆತಳು, ಉಂಡದ್ದನ್ನು ಉಂಡ ಮರುಕ್ಷಣ ಮರೆತಳು. ಈ ಒಂದು ಬೆರಳನ್ನು ಮಾತ್ರ ಮರೆಯಲಿಲ್ಲ. ಇದಕ್ಕೆ ಏನನ್ನಬೇಕು ಹೇಳಿ! ಮೇಷ್ಟ್ರು ಬೆರಳಿಗೆ ಬಟ್ಟೆ ಸುತ್ತಿದರು. ಬಟ್ಟೆ ಕಂಡು ಇನ್ನಷ್ಟು ಮುದುಡಿದಳು. ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಎಡಗೈಯಲ್ಲಿ ಚಮಚ ಹಿಡಿದರು. ಆಕೆ ತುತ್ತು ಬಿಟ್ಟು, ಹಿಂದಿರುವ ಕೈಯಲ್ಲಿ ಏನಿದೆ ಎಂದು ಇಣುಕಿದಳು. ತಟ್ಟೆ ಮುಂದಿಟ್ಟು ತಾವೇ ಕೋಣೆಯಿಂದ ಆಚೆ ಹೋದರು. ಬಂದು ನೋಡಿದರೆ ತಟ್ಟೆ ಹಾಗೇ ಇತ್ತು, ಆಕೆ ಮಂಚದ ಮೂಲೆಯಲ್ಲಿ ದಿಂಬು ಅಪ್ಪಿಕೊಂಡು ಬಾಗಿಲನ್ನೇ ಕಾಯುತ್ತಿದ್ದಳು. ಒಂದು ವಾರದಲ್ಲಿ ಆಕೆಯ ಬಳೆ ಮೊಣಕೈ ತನಕ ಜಾರತೊಡಗಿತು.

ಮಗಳು ಬಂದು ಕಲಸಿ ಬಾಯಿಗಿಟ್ಟಳು. ಮುಂಚೆ ಬಾಯಿ ಬಿಗಿಹಿಡಿಯುತ್ತಿದ್ದವಳು ಈಗ ಗಬಗಬನೆ ತಿಂದಳು. ತಿನ್ನುತ್ತಲೇ ಮಗಳ ಕಿವಿಯಲ್ಲಿ, "ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗಮ್ಮ" ಎಂದಳು. ಬಾಗಿಲ ಆಚೆ ನಿಂತಿದ್ದ ಮೇಷ್ಟ್ರಿಗೆ ಅದು ಕೇಳಿಸಿತು.

"ನಾನು ದಿನಾ ಮೂರು ಹೊತ್ತು ಬರೋಕಾಗಲ್ಲಪ್ಪ," ಎಂದಳು ಮಗಳು, ತಟ್ಟೆ ತೊಳೆಯುತ್ತ. "ನಮ್ಮನೇಲಿ ಇಟ್ಕೊಂಡ್ರೂ ಹಗಲೆಲ್ಲ ಯಾರಿರ್ತಾರೆ? ಭಾನುವಾರ ಅಲ್ಲಿಗೆ ಬಿಟ್ಟು ಬರೋಣ."

"ಇನ್ನೊಂದು ಸ್ವಲ್ಪ ನೋಡೋಣಮ್ಮ."

"ಏನಂತ ನೋಡೋದು? ಮೂಳೆ ಬಿಟ್ಕೊಂಡಿದ್ದಾಳೆ. ನಿಮ್ಮನ್ನ ಕಂಡ್ರೆ ನಡುಗ್ತಾಳೆ. ನೀವೇ ಮಾತು ಕೊಟ್ಟಿದ್ರಿ, ತಿನ್ನೋ ತನಕ ಅಂತ."

ಮೇಷ್ಟ್ರು ಒಳಗೊಳಗೇ ಒಂದು ಲೆಕ್ಕ ಹಾಕಿದ್ದರು, ಅವರ ಕಸುಬಿನವರು ಮಾತ್ರ ಹಾಕಬಲ್ಲ ಹುಚ್ಚು ಲೆಕ್ಕ. ಹೆದರಿಕೆಯ ಬೆನ್ನಿಗೇ ನಗು ಇರುತ್ತದೆ, ಇದು ಅವರು ಜೀವಮಾನವಿಡೀ ಕಣ್ಣಾರೆ ಕಂಡದ್ದು. ಒಂದು ಸಲವೂ ತಪ್ಪಿದ್ದಿಲ್ಲ. ಈಗ ಆಕೆಯಲ್ಲಿ ಹೆದರಿಕೆ ಅರ್ಧಕ್ಕೇ ನಿಂತುಬಿಟ್ಟಿದೆ, ಅದಕ್ಕೇ ನಗು ಬರುತ್ತಿಲ್ಲ. ಪೂರ್ತಿ ಹೆದರಿಸಿಬಿಟ್ಟರೆ ಮರುಗಳಿಗೆಗೆ ನಕ್ಕೇ ನಗುತ್ತಾಳೆ, ನಕ್ಕರೆ 'ಕಟುಕ' ಎಂದು ಬೈಯುತ್ತಾಳೆ, ಬೈದಳೆಂದರೆ ಗುರುತು ಸಿಕ್ಕಿತೆಂದೇ ಅರ್ಥ. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ತಲೆ ಸರಿಯಿದೆಯೇನ್ರೀ ಎನ್ನುತ್ತಿದ್ದರು. ಅವರು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ. ಮೇಷ್ಟ್ರು ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡರು. ಆಕೆಗೆ ಕಾಣುವ ಹಾಗೆ ಎರಡು ಸಲ ನಡುಮನೆಯಲ್ಲಿ ಓಡಾಡಿದರು. ಆಮೇಲೆ ಮರದ ಸ್ಕೇಲು ಹುಡುಕಿ ತೆಗೆದು, ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತರು. ಮೊಣಕಾಲು ನೋಯುತ್ತಿತ್ತು. ಎದೆ ಮದುವೆಯಾದ ಹೊಸದರಲ್ಲಿ ಹೊಡೆದುಕೊಂಡ ಹಾಗೆಯೇ ಹೊಡೆದುಕೊಳ್ಳುತ್ತಿತ್ತು. ಬಾಯಾರಿಕೆಯಾದರೆ ಆಕೆ ನೀರಿನ ಹೂಜಿ ಹುಡುಕಿಕೊಂಡು ಇಲ್ಲಿಗೆ ಬಂದೇ ಬರುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಚಪ್ಪಲಿ ಎಳೆಯುವ ಸದ್ದು ಹತ್ತಿರವಾಯಿತು. ಸೆರಗು ಕಂಡಿತು. ಮೇಷ್ಟ್ರು ಸ್ಕೇಲು ಎತ್ತಿ ಹಾರಿದರು.

ಆಕೆ ಕಿರುಚಿದಳು. ಹುಬ್ಬು ಏರಿತು, ಕುತ್ತಿಗೆಯ ನರ ಉಬ್ಬಿತು, ಎಲ್ಲ ಹಿಂದಿನ ಹಾಗೆಯೇ. ಮೇಷ್ಟ್ರು ಕಾದರು. ಒಂದು ಉಸಿರು ಕಳೆಯಿತು. ಇನ್ನೊಂದು ಕಳೆಯಿತು. "ನಾನು ಕಣೇ," ಎಂದರು, ನಗಲು ನೋಡುತ್ತ, "ನಾನೇ ಕಣೇ ಇವಳೇ, ನಗು, ನಗೇ ಒಂದ್ಸಲ." ನಗು ಬರಲಿಲ್ಲ. ಕಿರುಚಾಟ ನಿಂತ ಮೇಲೂ ಮುಖ ಹಾಗೇ ಇತ್ತು, ಅಚ್ಚು ಹೊಡೆದ ಹಾಗೆ. ಆಕೆ ಗೋಡೆಗುಂಟ ಜಾರಿ ಕೆಳಗೆ ಕೂತಳು, ಸೀರೆ ಒದ್ದೆಯಾಯಿತು, ಎರಡೂ ಕೈ ಜೋಡಿಸಿದಳು.

"ಬೇಡಪ್ಪ," ಎಂದಳು. "ನನಗೊಬ್ಳು ಮಗಳಿದ್ದಾಳೆ. ಸಣ್ಣೋಳು. ಬಿಟ್ಬಿಡಪ್ಪ."

ಇಷ್ಟಾದ ಮೇಲೂ ಮೇಷ್ಟ್ರ ಕಣ್ಣು ತನ್ನ ಕೆಲಸ ಬಿಡಲಿಲ್ಲ. ಕಿಟಕಿಯ ಬೆಳಕು ಕೆನ್ನೆಗೆ ಬಿದ್ದ ಬಗೆಯನ್ನು, ಕೆಳತುಟಿ ಅದುರಿದ ಬಗೆಯನ್ನು ತುಂಬಿಕೊಳ್ಳುತ್ತಲೇ ಇತ್ತು. ಇಷ್ಟು ವರ್ಷದಲ್ಲಿ ಇಂಥ ಮುಖ ಸಿಕ್ಕಿರಲಿಲ್ಲ ಎಂದು ತಲೆಯೊಳಗೆ ಯಾರೋ ಹೇಳಿದ ಹಾಗಾಯಿತು. ತಮ್ಮ ಮೇಲೆ ತಮಗೇ ಅಸಹ್ಯವಾಗಿ ಅವರು ಸ್ಕೇಲು ಎಸೆದು, ಮುಖ ಮುಚ್ಚಿಕೊಂಡು, ಅಲ್ಲೇ ಅಷ್ಟು ದೂರದಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತರು. ಹತ್ತಿರ ಹೋಗಿ ಸಮಾಧಾನ ಮಾಡುವ ಹಾಗೂ ಇರಲಿಲ್ಲ. ಕೆಳಗಿನ ಮನೆಯವರು ಓಡಿಬಂದು ಆಕೆಯನ್ನು ಎತ್ತಿದರು, ಮಗಳಿಗೆ ಫೋನು ಮಾಡಿದರು. ಮಗಳು ಬಂದು ತಾಯಿಯ ಸೀರೆ ಬದಲಿಸಿದಳು. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರದ ತನಕ ಕಾಯಲಿಲ್ಲ. ಅಂದು ಸಂಜೆಯೇ ಕರೆದುಕೊಂಡು ಹೋದರು.

ಆರೈಕೆ ಮನೆ ಒಂದು ಉದ್ದನೆಯ ಕಟ್ಟಡ. ನಡುವೆ ಓಣಿ, ಎರಡೂ ಬದಿಗೆ ಕೋಣೆ, ಎಲ್ಲೆಲ್ಲೂ ಫಿನಾಯಿಲ್ ವಾಸನೆ. ಮೊದಲ ಸಲ ಮೇಷ್ಟ್ರು ನೋಡಲು ಹೋದಾಗ ಆಕೆ ಮಂಚದ ಕೆಳಗೆ ನುಗ್ಗಿ, ಎರಡು ದಿನ ನೀರೂ ಕುಡಿಯಲಿಲ್ಲವಂತೆ. ಅಲ್ಲಿನ ನರ್ಸಮ್ಮ ಒಳ್ಳೆಯವಳೇ. "ಬೇಜಾರು ಮಾಡ್ಕೋಬೇಡಿ ಅಜ್ಜ, ನೀವು ಇಲ್ಲಿ ಬಾಗಿಲ ಸಂದೀಲಿ ನಿಂತು ನೋಡ್ಕೊಂಡು ಹೋಗಿ. ಅವ್ರ ಕಣ್ಣಿಗೆ ಮಾತ್ರ ಬೀಳ್ಬೇಡಿ" ಎಂದಳು. ಮೇಷ್ಟ್ರು ಹೂಂ ಎಂದರು. ಮಗಳು ಒಳಗೆ ಹೋಗುತ್ತಾಳೆ, ಇವರು ಓಣಿಯಲ್ಲಿ ನಿಲ್ಲುತ್ತಾರೆ. ಅದೇ ಈಗ ಕ್ರಮ.

ಹೋದ ವಾರ ಮಗಳಿಗೆ ಅಂಗಡಿಯಲ್ಲಿ ಬಿಡುವಾಗಲಿಲ್ಲ. ಮೇಷ್ಟ್ರು ಒಬ್ಬರೇ ಹೋದರು. ಬಾಗಿಲ ಸಂದಿಗೆ ಕಣ್ಣಿಟ್ಟರೆ ಆಕೆ ಮಂಚದ ಮೇಲೆ ಕೂತು ಊಟ ಮಾಡುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಕೆಲಸದ ಹೆಂಗಸು ಪಾತ್ರೆ ಎತ್ತಿಕೊಂಡು ಹೋಗುವಾಗ ಕೈಜಾರಿ, ತಟ್ಟೆಗಳ ರಾಶಿ ಧಡಾರನೆ ನೆಲಕ್ಕೆ ಬಿತ್ತು. ಆಕೆ ಬೆಚ್ಚಿಬಿದ್ದಳು. ಬಾಯಿ ತೆರೆಯಿತು, ಹುಬ್ಬು ಏರಿತು. ಮೇಷ್ಟ್ರು ಉಸಿರು ಬಿಗಿಹಿಡಿದರು.

ಆಕೆ ನಕ್ಕಳು. "ಥೂ ನಿನ್ನ! ಜೀವ ಬಾಯಿಗೆ ಬಂತಲ್ಲೇ!" ಎಂದು ಟವೆಲಿನಿಂದ ಕೆಲಸದವಳಿಗೆ ಒಂದು ಬಾರಿಸಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಕೆಲಸದವಳೂ ನಕ್ಕಳು. ಆಚೆ ಮಂಚದ ಮುದುಕಿ ಏನೆಂದು ತಿಳಿಯದೆಯೇ ನಕ್ಕಳು. ಮೇಷ್ಟ್ರ ಕೈ ತಾನಾಗಿ ಬಾಗಿಲ ಹಿಡಿಯ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅದನ್ನು ಕೆಳಗಿಳಿಸಿ, ಓಣಿಯುದ್ದಕ್ಕೂ ನಡೆದು, ಬಸ್ಸು ಹತ್ತಿ ಮನೆಗೆ ಬಂದರು.

ಸಂಜೆ ಮಗಳು ಬಂದಳು.

"ಹೋಗಿದ್ರಾ ಅಪ್ಪ? ಹೇಗಿದ್ಲು?"

"ನಗ್ತಿದ್ಲು ಕಣಮ್ಮ. ಥೇಟ್ ಹಿಂದಿನ ಹಾಗೇ."

"ಹೌದಾ? ಒಳಗೆ ಹೋಗಿ ಮಾತಾಡಿಸ್ಬೇಕಿತ್ತು."

"ಇಲ್ಲಮ್ಮ," ಎಂದರು ಮೇಷ್ಟ್ರು. "ನಗ್ತಿದ್ಲಲ್ಲ, ಅದಕ್ಕೇ ಹೋಗ್ಲಿಲ್ಲ."